ಇಪ್ಪತ್ತು ಬೋರಿನ ತೋಟೆ

"ಓರೆ ಮಾಡಿ, ಓರೆ! ಆ ಕಡೆಯಿಂದ ಸ್ವಲ್ಪ ಎತ್ತಿ!" ಅಳಿಯ ವಿಕಾಸ್ ಮೆಟ್ಟಿಲಿನ ಮೇಲಿಂದ ಕೂಗುತ್ತಿದ್ದ. ಐಸ್ ಪೆಟ್ಟಿಗೆ ಬಾಗಿಲಿನ ಚೌಕಟ್ಟಿಗೆ ಸಿಕ್ಕಿಕೊಂಡು ಒಳಗೂ ಬಾರದೆ ಹೊರಗೂ ಹೋಗದೆ ನಿಂತಿತ್ತು. ಅವನ ಅತ್ತೆ ಬಾಗಿಯೇ ದಾರಿಗೆ ಅಡ್ಡವಾಗಿದ್ದ ಚಪ್ಪಲಿ ಸ್ಟ್ಯಾಂಡನ್ನು ಎತ್ತಿ ಅಡುಗೆಮನೆಗೆ ಇಟ್ಟು ಬಂದಳು.

"ಬಲಗಡೆ ಕೆಳಗೆ ಮಾಡಿ," ಎಂದಳು. "ಫ್ರಿಜ್ ತಂದಾಗಲೂ ಹೀಗೇ ಆದದ್ದು."

ಹೊತ್ತವರು ಹಾಗೆಯೇ ಮಾಡಿದರು. ಪೆಟ್ಟಿಗೆ ಒಳಗೆ ಬಂತು. ಗಂಡ ಹರಿಶ್ಚಂದ್ರ ಹಿಂದಿನ ದಿನ ಮಧ್ಯಾಹ್ನ ಮಲಗಿದವನು ನಿದ್ದೆಯಲ್ಲೇ ಹೋಗಿದ್ದ; ರಾತ್ರಿಯೆಲ್ಲ ಐಸ್ ಗಡ್ಡೆ ಇಟ್ಟು ಕಳೆದ ಮೇಲೆ ಪೆಟ್ಟಿಗೆ ಸಿಕ್ಕಿದ್ದು ಈಗ. ಎಪ್ಪತ್ತನಾಲ್ಕು ವಯಸ್ಸು, ಒಂದು ದಿನವೂ ಆಸ್ಪತ್ರೆ ಕಂಡವನಲ್ಲ. ಹೀಗೆ ಹೋಗಲಿಕ್ಕೆ ಪುಣ್ಯ ಮಾಡಿರಬೇಕು ಎಂದು ಬಂದವರೆಲ್ಲ ಹೇಳುತ್ತಿದ್ದರು. ಬಾಗಿ ತಲೆ ಅಲ್ಲಾಡಿಸುತ್ತಿದ್ದಳು. ಅವಳಿಗೆ ಅಳು ಬಂದಿರಲಿಲ್ಲ. ಬಾರದ್ದಕ್ಕೆ ಕಾರಣ ಅವಳೊಬ್ಬಳಿಗೇ ಗೊತ್ತಿತ್ತು. ನಲವತ್ತಾರು ವರ್ಷ ಮನಸ್ಸಿನಲ್ಲಿ ಕೊರೆಯುತ್ತಿದ್ದ ಒಂದು ಮಾತಿಗೆ ಉತ್ತರ ಕೊಡದೆ ಆತ ಹೊರಟುಬಿಟ್ಟಿದ್ದ.

"ಅಮ್ಮ, ಸಂಕಪ್ಪ ಮಾವನ ಟ್ರೇನ್ ಪನ್ವೇಲ್ ದಾಟಿತಂತೆ," ಮಗಳು ರಮಿತಾ ಮೊಬೈಲ್ ನೋಡುತ್ತ ಹೇಳಿದಳು. "ಠಾಣೆಯಲ್ಲಿ ಇಳಿದು ಸೀದಾ ರಿಕ್ಷಾ ಮಾಡಿಕೊಂಡು ಬನ್ನಿ ಅಂತ ಹೇಳಿದ್ದೇನೆ. ಲೋಕಲ್ ಟ್ರೇನಿನ ಝಂಝಟ್ ಬೇಡ."

"ಅಲ್ಲಿಯವರೆಗೆ ಕಾಯಲೇಬೇಕಾ ಅತ್ತೆ?" ವಿಕಾಸ್ ಕೇಳಿದ. "ಸ್ಮಶಾನದಲ್ಲಿ ಹನ್ನೊಂದೂವರೆಗೆ ಟೈಮ್ ಕೊಟ್ಟಿದ್ದಾರೆ."

"ನಮ್ಮಲ್ಲಿ ಹೆಂಡತಿಯ ತವರಿನವರು ಬಟ್ಟೆ ಹೊದಿಸದೆ ಎತ್ತುವ ಕ್ರಮ ಇಲ್ಲ," ಎಂದಳು ಬಾಗಿ.

ಪಕ್ಕದ ಖೋಲಿಯ ಮಾನಸಿ ಚಹಾ ತಂದಳು. "ಕಾಕು, ಥೋಡಾ ಘ್ಯಾ. ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ನೀವು." ಬಾಗಿ ಲೋಟ ತೆಗೆದುಕೊಂಡು ಪಕ್ಕದಲ್ಲಿಟ್ಟಳು.

ಆಗ ಬಂದವನು ಮನೀಶ. ಐರೋಲಿಯಲ್ಲಿ ಅವನ ಅಪ್ಪನ ಕಾಲದ ಉಡುಪಿ ಹೋಟೆಲಿದೆ. ಹರಿಶ್ಚಂದ್ರ ಠಾಣೆಯ ಬಂದೂಕಿನ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದವನು. ಗುರಿ ಹೊಡೆಯುವ ಹುಚ್ಚಿದ್ದ ಮನೀಶ ಕಾಲೇಜಿನ ದಿನಗಳಿಂದ ಅಲ್ಲಿಗೆ ಏರ್‌ಗನ್ನಿನ ಚರೆ ಕೊಳ್ಳಲು ಬರುತ್ತಿದ್ದ. ಪೆಟ್ಟಿಗೆಯ ಮೇಲೆ ಹೂವಿನ ಹಾರ ಇಟ್ಟು, ಕಾಲಿನ ಕಡೆಯ ಗಾಜು ಮುಟ್ಟಿ, ಗೋಡೆಗೆ ಒರಗಿ ಕುಳಿತ.

"ನನ್ನ ಕೋಳಿ ಗುರುಗಳು ಹೋದರು," ಎಂದ.

"ಎಂಥ ಕೋಳಿ?" ಬಾಗಿಲ ಬಳಿ ಕುಳಿತಿದ್ದ ಶೈಲೇಶ್ ಕೇಳಿದ. ಆತ ಅದೇ ಅಂಗಡಿಯಲ್ಲಿ ಹರಿಶ್ಚಂದ್ರನ ಕೈಕೆಳಗೆ ಕೆಲಸ ಕಲಿತವನು. "ನಿಮ್ಮದು ಶುದ್ಧ ಶಾಕಾಹಾರಿ ಹೋಟೆಲಲ್ವಾ ಮಾರಾಯ್ರೆ!"

"ಹೋಟೆಲಿನ ಕೋಳಿ ಅಲ್ಲ. ಹೋದ ವರ್ಷ ಅಕ್ಕನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆನಲ್ಲ. ಭಾವನ ಸ್ನೇಹಿತರು ಕಾಡಿನ ಟರ್ಕಿ ಕೋಳಿ ಬೇಟೆಗೆ ಬಾ ಅಂದ್ರು. ಅಲ್ಲಿ ಅದಕ್ಕೆ ಸರಕಾರದ ಪರವಾನಗಿ ಕೊಡ್ತಾರೆ. ಯಾವ ಕೋವಿ, ಯಾವ ತೋಟೆ, ನನಗೆಂಥ ಗೊತ್ತು? ಹರಿಯಣ್ಣನಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಪಾಠ!"

"ಹೌದು, ಹೌದು," ರಮಿತಾಳ ಮುಖದಲ್ಲಿ ಸಣ್ಣ ನಗು ಬಂತು. "ಪಪ್ಪ ಊಟದ ತಟ್ಟೆ ಬಿಟ್ಟು ಎದ್ದು ಹೊರಗೆ ಹೋಗಿ ಮಾತಾಡಿದ್ದು. ಸಾರು ತಣ್ಣಗಾಯ್ತು."

ಮನೀಶ ಹರಿಶ್ಚಂದ್ರನ ದನಿಯನ್ನೇ ಹಿಡಿದು ಹೇಳತೊಡಗಿದ. "'ಹನ್ನೆರಡು ಬೋರ್ ತಗೊಳ್ಳಿ. ಬಾಯಿ ಬಿಗಿ ಇರುವ ನಳಿಗೆ ಕೇಳಿ, ಚರೆ ಚೆಲ್ಲಾಪಿಲ್ಲಿ ಆಗದೆ ಒಟ್ಟಿಗೆ ಹೋಗ್ತದೆ. ಐದನೇ ನಂಬರಿನ ಚರೆ ಸಾಕು. ಮೈಗೆ ಹೊಡೀಬೇಡಿ, ಆ ಹಕ್ಕಿಯ ರೆಕ್ಕೆ ದಪ್ಪ, ಗಾಯ ಮಾಡಿಕೊಂಡು ಓಡಿ ಎಲ್ಲೋ ನರಳಿ ಸಾಯ್ತದೆ. ತಲೆ, ಕುತ್ತಿಗೆ. ನಲವತ್ತು ಹೆಜ್ಜೆ ಮೀರಿದ್ರೆ ಕೈಮುಗಿದು ಬಿಟ್ಟುಬಿಡಿ. ಕೆಂಪು ಅಂಗಿ ಹಾಕ್ಬೇಡಿ, ಹುಂಜದ ತಲೆ ಕೆಂಪು, ನಿಮ್ಮನ್ನೇ ಹುಂಜ ಅಂತ ತಿಳಿದು ಯಾರಾದ್ರೂ ಹೊಡೆದಾರು!'"

ಕೂತವರಲ್ಲಿ ಇಬ್ಬರು ನಕ್ಕು, ಪೆಟ್ಟಿಗೆಯ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು.

"ಸಿಕ್ಕಿತಾ ಕೋಳಿ?" ಶೈಲೇಶ್ ಕೇಳಿದ.

"ಎಲ್ಲಿಯ ಕೋಳಿ! ಮೂರು ಗಂಟೆ ಮರದ ಬುಡದಲ್ಲಿ ಕೂತು ಸೊಂಟ ಹಿಡಿದದ್ದೊಂದೇ ಬಂತು. ಆದರೆ ಕಿಸೆ ಮಾತ್ರ ಮೂರು ಸಲ ತಡವಿ ನೋಡಿದ್ದೆ. ಫೋನ್ ಇಡುವಾಗ ಕಡೆಯ ಮಾತು ಅದು. 'ಹೊರಡುವ ಮೊದಲು ಕಿಸೆ ಖಾಲಿ ಮಾಡಿ. ಹಿಂದಿನ ದಿನದ ಅಂಗಿ ಹಾಕಿಕೊಂಡು ಹೋಗ್ಬೇಡಿ. ಇಪ್ಪತ್ತು ಬೋರಿನದ್ದು ಒಂದು ಉಳಿದಿದ್ರೂ ಕೆಟ್ಟಿತು.'"

"ಅದನ್ನು ಎಲ್ಲರಿಗೂ ಹೇಳ್ತಿದ್ರು," ಎಂದ ಶೈಲೇಶ್. "ರಬಾಳೆಯ ಕಾರ್ಖಾನೆಗಳ ಗನ್‌ಮ್ಯಾನ್‌ಗಳು ಬಂದ್ರೂ ಅದೇ. 'ಕಿಸೆ ತೋರಿಸು' ಅಂತ. ನಾವು ಅವರಿಗೆ ಕಿಸೆ ಕಾಕಾ ಅಂತಲೇ ಹೆಸರಿಟ್ಟಿದ್ದೆವು."

ಬಾಗಿ ತಲೆ ಎತ್ತಿದಳು. ಅಂಗಡಿಯ ಮಾತನ್ನು ಆತ ಒಂದು ದಿನವೂ ಮನೆಗೆ ತಂದವನಲ್ಲ. ಕಿಸೆ? ಅವಳು ಚಿಕ್ಕಂದಿನಿಂದ ಕೇಳಿದ್ದು ಚೀಲದ ಕತೆಯಾಗಿತ್ತು.

*

ಬಾಗಿಗೆ ಆಗ ಹನ್ನೆರಡು ವರ್ಷ. ಕಾರ್ಕಳದ ಹತ್ತಿರದ ಅವರ ಮನೆಯಲ್ಲಿ ಬೆಳೆ ಕಾಯಲು ಎರಡು ಕೋವಿಗಳಿದ್ದವು. ಒಂದು ಹನ್ನೆರಡು ಬೋರ್, ಇನ್ನೊಂದು ಇಪ್ಪತ್ತು ಬೋರ್. ನಂಬರು ದೊಡ್ಡದಾದಷ್ಟೂ ತೋಟೆ ಸಪೂರ, ಅದೊಂದು ತಲೆಕೆಳಗಾದ ಲೆಕ್ಕ. ಅಪ್ಪ ಮದುವೆಗೆಂದು ಪರವೂರಿಗೆ ಹೋದ ದಿನ ಅಣ್ಣ ಸಂಕಪ್ಪ ಹೇಳದೆ ಕೇಳದೆ ಹನ್ನೆರಡು ಬೋರಿನದನ್ನು ಎತ್ತಿಕೊಂಡು ಕಾಡುಕೋಳಿಗೆ ಹೊರಟ. ಜೊತೆಗೆ ಪಕ್ಕದ ಮನೆಯ ಹರಿಶ್ಚಂದ್ರ. ತೋಟೆಯ ಚೀಲ ತುಂಬಿಸಿ ಹೆಗಲಿಗೆ ಹಾಕಿಕೊಂಡವನು ಅವನು.

ಬೆಳಿಗ್ಗೆ ಎಂಟಕ್ಕೆ ಗುಡ್ಡದಿಂದ ಈಡಿನ ಸದ್ದು ಬಂತು. ಆಮೇಲೆ ಹರಿಶ್ಚಂದ್ರ ಅಣ್ಣನನ್ನು ಬೆನ್ನ ಮೇಲೆ ಹೊತ್ತುಕೊಂಡು ಇಳಿದ. ನಳಿಗೆ ಬಾಳೆಹೂವಿನಂತೆ ಸಿಗಿದುಹೋಗಿತ್ತು. ಅಣ್ಣನ ಎಡಗೈಯ ನಡುವಿನ ಮೂರು ಬೆರಳುಗಳು ಇರಲಿಲ್ಲ.

ಸಪೂರದ ತೋಟೆಯನ್ನು ದಪ್ಪ ನಳಿಗೆಗೆ ಹಾಕಿದರೆ ಅದು ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ನಳಿಗೆ ಖಾಲಿ ಇದ್ದಂತೆ. ಅದರ ಹಿಂದೆ ಸರಿಯಾದ ತೋಟೆ ಹಾಕಿ, ಕೋವಿಯ ಕುದುರೆ ಎಳೆದು ಈಡು ಹಾರಿಸಿದರೆ ಎರಡೂ ಒಟ್ಟಿಗೆ ಸಿಡಿಯುತ್ತವೆ. ಸಂಜೆ ಅಪ್ಪ ಅಂಗಳದಲ್ಲಿ ನಿಂತು ಗುಡುಗಿದರು. "ಎರಡೂ ಬಗೆಯ ತೋಟೆ ಬೆರೆಸಿದ್ದು ಯಾರು?" ಹರಿಶ್ಚಂದ್ರ ತಲೆ ತಗ್ಗಿಸಿ ಅಂದ. "ಚೀಲ ತುಂಬಿಸಿದ್ದು ನಾನು." ಅಪ್ಪ ಅವನ ಕೆನ್ನೆಗೆ ಬಾರಿಸಿದ್ದನ್ನು ಬಾಗಿ ಹಟ್ಟಿಯ ಮರೆಯಿಂದ ನೋಡಿದ್ದಳು.

ಆ ತಿಂಗಳೇ ಅವನು ಮುಂಬೈಗೆ ಬಂದ. ಎಂಟು ವರ್ಷ ಬಿಟ್ಟು ಬಾಗಿಯನ್ನು ಕೇಳಿದ. ವರದಕ್ಷಿಣೆ ಬೇಡ ಅಂದ, ದಿಬ್ಬಣದ ಖರ್ಚನ್ನೂ ತಾನೇ ಹಾಕಿದ. ಧಾರೆಯ ದಿನ ಚಿಕ್ಕಮ್ಮ ಅವಳಿಗೆ ಮಲ್ಲಿಗೆ ಮುಡಿಸುತ್ತ ಕಿವಿಯಲ್ಲಿ ಹೇಳಿದಳು, "ಇದು ಮದುವೆ ಅಲ್ಲ ಮಗಾ, ಅವ ದಂಡ ಕಟ್ಟುವುದು."

ಠಾಣೆಯ ಪಕ್ಕದ ಕಳವಾ ಊರಿನ ಈ ಖೋಲಿಗೆ ಬಂದ ಮೇಲೆ ಹರಿಶ್ಚಂದ್ರ ಅವಳ ಮೇಲೆ ಒಂದು ದಿನವೂ ದನಿ ಏರಿಸಲಿಲ್ಲ. ನೀರು ಬರುವ ನಾಲ್ಕು ಗಂಟೆಗೆ ತಾನೇ ಎದ್ದು ಡ್ರಮ್ಮು ತುಂಬಿಸಿದ. ಬಾಣಂತನದಲ್ಲಿ ಅವಳ ಸೀರೆ ಒಗೆದ. ಭಾನುವಾರ ಬಂಗುಡೆ ತಂದು, ತಾನೇ ಕೊಯ್ದು ತೊಳೆದು ಕೊಟ್ಟ. ಎಂಥ ಒಳ್ಳೆಯ ಗಂಡ ಎಂದು ಚಾಳಿನ ಹೆಂಗಸರು ಹೇಳುವಾಗೆಲ್ಲ ಬಾಗಿಗೆ ಚಿಕ್ಕಮ್ಮನ ಮಾತು ನೆನಪಾಗಿ ಬಾಯಲ್ಲಿ ಕಹಿಯಾಗುತ್ತಿತ್ತು. ತನಗಾಗಿ ಮಾಡುತ್ತಿರುವುದೇ, ಅಣ್ಣನ ಬೆರಳಿಗಾಗಿಯೇ? ರಮಿತಾಳಿಗೆ ಎರಡು ತುಂಬಿದಾಗ ಒಮ್ಮೆ ಕೇಳಿಯೇಬಿಟ್ಟಳು. "ಪಾಪ ಕಳೀಲಿಕ್ಕೆ ನನ್ನನ್ನು ಮಾಡಿಕೊಂಡದ್ದಾ?" ಆತ ಮಗುವಿನ ಜಡೆ ಕಟ್ಟುತ್ತಿದ್ದ. ಕೊನೆಯ ಗಂಟು ಬಿಗಿದು ಮುಗಿಸಿದ. "ಹಸಿವಾಗ್ತದೆ, ಊಟಕ್ಕೆ ಹಾಕು," ಎಂದ. ಮತ್ತೆ ಅವಳು ಕೇಳಲಿಲ್ಲ.

*

ಸಂಕಪ್ಪ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದಾಗ ಹತ್ತೂ ಮುಕ್ಕಾಲು. ಎಪ್ಪತ್ತಾರರ ಮುದುಕ, ಚೀಲದಲ್ಲಿ ಹೊಸ ಬಟ್ಟೆ. ಪೆಟ್ಟಿಗೆಯ ಮುಂದೆ ನಿಂತವನು ಗಾಜಿನ ಮೇಲೆ ಹಣೆ ಇಟ್ಟು ಮಗುವಿನ ಹಾಗೆ ಅತ್ತ. ರಮಿತಾ ಹಿಡಿದೆತ್ತಬೇಕಾಯಿತು.

"ಮಾವ, ಸ್ವಲ್ಪ ಕೂತ್ಕೊಳ್ಳಿ. ನೀರು ಕುಡೀರಿ."

"ನಾನು ಕೊಡ್ತೇನೆ," ಎಂದು ಬಾಗಿ ಅಣ್ಣನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಪರದೆ ಎಳೆದಳು. ಅವನು ನೀರು ಕುಡಿದು ಮುಗಿಸುವವರೆಗೆ ಕಾದಳು.

"ಅಣ್ಣ, ಒಂದು ಕೇಳ್ತೇನೆ. ಇವತ್ತು ಕೇಳದಿದ್ರೆ ಇನ್ನು ಕೇಳಲಿಕ್ಕಿಲ್ಲ."

"ಕೇಳು."

"ಇವರು ಅಂಗಡಿಗೆ ಬಂದವರಿಗೆಲ್ಲ ಕಿಸೆ ನೋಡಿ, ಕಿಸೆ ನೋಡಿ ಅಂತ ಹೇಳ್ತಿದ್ರಂತೆ. ನಿನ್ನೆಯ ಅಂಗಿ ಹಾಕಬೇಡಿ ಅಂತಿದ್ರಂತೆ. ನಾನು ಕೇಳಿದ್ದು ಚೀಲದ ಕತೆ. ಈ ಕಿಸೆ ಯಾರದ್ದು?"

ಸಂಕಪ್ಪ ಲೋಟವನ್ನು ಕೆಳಗಿಟ್ಟ.

"ನನ್ನದು," ಎಂದ.

ಹೊರಗೆ ಯಾರೋ ಊದುಬತ್ತಿ ಕೇಳುತ್ತಿದ್ದರು.

"ಹಿಂದಿನ ದಿನ ಸಣ್ಣ ಕೋವಿ ಹಿಡಿದುಕೊಂಡು ಗದ್ದೆಗೆ ಹೋಗಿದ್ದೆ. ಅದರ ಎರಡು ತೋಟೆ ಕಿಸೆಯಲ್ಲೇ ಉಳಿದಿತ್ತು. ಮರುದಿನ ಅದೇ ಅಂಗಿ. ಕೋಳಿ ಕಂಡ ಗಡಿಬಿಡಿಯಲ್ಲಿ ಚೀಲಕ್ಕೆ ಕೈ ಹಾಕದೆ ಕಿಸೆಗೆ ಹಾಕಿದೆ. ಈಡು ಹಾರಲಿಲ್ಲ. ತೆರೆದು ನೋಡಿದೆ, ನಳಿಗೆ ಖಾಲಿ ಕಂಡಿತು. ತುಂಬಿಸಲಿಕ್ಕೇ ಮರೆತೆ ಅಂತ ತಿಳಿದು ಹರಿಯ ಚೀಲದಿಂದ ಒಂದು ತಗೊಂಡು ಹಾಕಿದೆ. ಅವ ಕೊಟ್ಟದ್ದು ಸರಿಯಾದ್ದೇ."

"ಇವರಿಗೆ ಗೊತ್ತಿತ್ತಾ?"

"ನನ್ನ ಅಂಗಿ ಹರಿದು ಕೈಗೆ ಕಟ್ಟಿದ್ದು ಅವನೇ ಅಲ್ವಾ? ಕಿಸೆಯಲ್ಲಿ ಇನ್ನೊಂದು ಸಿಕ್ಕಿತು. ನನ್ನ ಮುಖ ನೋಡಿದ, ಹೊಳೆಗೆ ಬಿಸಾಡಿದ. ಅಪ್ಪನ ಸಿಟ್ಟು ನಿನಗೆ ಗೊತ್ತುಂಟಲ್ಲ. ಕೋವಿ ಕದ್ದವ, ಒಡೆದವ, ಕೈ ಕಳಕೊಂಡವ, ಎಲ್ಲ ನಾನೇ ಅಂತಾದ್ರೆ ಅಂದೇ ಮನೆಯಿಂದ ಹೊರಗೆ ಹಾಕ್ತಿದ್ರು. ಚೀಲ ತುಂಬಿಸಿದ್ದು ನಾನು ಅಂದ. ಅದು ಸುಳ್ಳೂ ಅಲ್ಲ ನೋಡು."

ಬಾಗಿ ಕಟ್ಟೆಯ ಅಂಚು ಹಿಡಿದುಕೊಂಡಳು. "ಹಾಗಾದ್ರೆ ನನ್ನನ್ನು ಕೇಳಲಿಕ್ಕೆ ಬರುವಾಗ..."

"ಬರುವಾಗ ಎಂಥ? ಅವನಿಗೆ ನಮ್ಮ ಮನೆಯ ಯಾವ ಹಂಗೂ ಇರಲಿಲ್ಲ. ಹಂಗು ಇದ್ದದ್ದು ನನಗೆ. ನಾನೇ ಬೇಡ ಅಂದಿದ್ದೆ. ಜನ ಇದನ್ನು ದಂಡ ಅಂತಾರೆ ಮಾರಾಯ, ಬೇರೆ ಕಡೆ ನೋಡು ಅಂತ. ಅವ ಏನಂದ ಗೊತ್ತುಂಟಾ? 'ಜನ ಅನ್ನಲಿ. ನಿನ್ನ ತಂಗಿ ಮೊನ್ನೆ ಬಾವಿಕಟ್ಟೆಯಲ್ಲಿ ನನಗೆ ಬೈದದ್ದು ಬಹಳ ಚಂದ ಇತ್ತು.'"

ಬಾಗಿಗೆ ನೆನಪಾಯಿತು. ಮುಂಬೈಯಿಂದ ರಜೆಗೆ ಬಂದವನು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ನಿಂತು, ಅವಳು ಸೇದಿಟ್ಟ ಕೊಡಪಾನಕ್ಕೆ ಬಾಯಿ ಹಚ್ಚಿದ್ದ. ಬೊಂಬಾಯಿಯಲ್ಲಿ ಲೋಟ ಸಿಗುವುದಿಲ್ಲವೇ ಎಂದು ಅವಳು ಕೇಳಿದ್ದಳು. ಇನ್ನೂ ಏನೇನೋ ಅಂದಿದ್ದಳು.

"ಅಷ್ಟಕ್ಕೇ?"

"ಅಷ್ಟಕ್ಕೇ ಅಂತೆ."

ಬಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿತು. ಪರದೆ ಸರಿಸಿ ಬಂದ ರಮಿತಾ, "ಅಮ್ಮ, ರೋ ಮತ್, ಅಳಬೇಡ," ಎಂದು ಅಪ್ಪಿಕೊಂಡವಳು, ಅಮ್ಮ ನಗುತ್ತಿರುವುದು ಕಂಡು ಬೆಚ್ಚಿದಳು. ಆ ನಗುವಿನೊಳಗಿಂದಲೇ ನಿನ್ನೆಯಿಂದ ಬಾರದ ಅಳು ಕಿತ್ತುಕೊಂಡು ಬಂತು.

ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಅಣ್ಣನತ್ತ ತಿರುಗಿದಳು. "ಇಷ್ಟು ವರ್ಷ ನೀವಿಬ್ಬರೂ ಸೇರಿ ನನ್ನ ಹೊಟ್ಟೆಗೆ ಕೆಂಡ ಹಾಕಿದ್ರಲ್ಲ!"

"ಪ್ರತಿ ಸಲ ಫೋನಿನಲ್ಲಿ ನಾನು ಹೇಳಿಬಿಡ್ತೇನೆ ಅಂತಿದ್ದೆ. 'ಬೇಡ, ತವರಿನ ಮೇಲೆ ಅವಳಿಗೆ ಸಿಟ್ಟು ಬರ್ತದೆ' ಅಂತ ಅವ ತಡೀತಿದ್ದ."

"ಬಾರದೆ ಇರ್ತದಾ?"

"ಬರಲಿ. ಬೈ. ಇನ್ನು ನಾನೊಬ್ಬನೇ ಉಳಿದದ್ದು."

*

ಪೆಟ್ಟಿಗೆಯಿಂದ ತೆಗೆದು ಚಟ್ಟದ ಮೇಲೆ ಮಲಗಿಸಿ ಬಟ್ಟೆ ಹೊದಿಸಿ ಆಯಿತು. ಬೆಳಗಿನಿಂದ ಕಾಲಿನ ಬಳಿಯೇ ನಿಂತಿದ್ದ ಬಾಗಿ ಈಗ ತಲೆಯ ಬಳಿಗೆ ಹೋದಳು. ಬಾಚಣಿಗೆ ತಂದು ಅವನ ಕೂದಲನ್ನು ಸರಿಮಾಡಿದಳು. ತುಳುವಿನಲ್ಲಿ ಏನೋ ಬೈದಳು. ಬೇರೆ ಯಾರಿಗೂ ಕೇಳಿಸಲಿಲ್ಲ.

ವಿಕಾಸ್, ಮನೀಶ, ಶೈಲೇಶ್ ಚಟ್ಟಕ್ಕೆ ಹೆಗಲು ಕೊಟ್ಟರು. ನಾಲ್ಕನೆಯ ಮೂಲೆಗೆ ಸಂಕಪ್ಪ ಬಂದ.

"ಮಾವ, ನೀವು ಬಿಡಿ. ಮೆಟ್ಟಿಲು ಕಡಿದು. ಕೈಗೆ ಹಿಡಿತ ಸಿಗ್ಲಿಕ್ಕಿಲ್ಲ," ಎಂದ ವಿಕಾಸ್.

"ನನ್ನನ್ನು ಗುಡ್ಡದಿಂದ ಹೊತ್ತು ಇಳಿಸಿದವ ಇವ," ಎಂದ ಸಂಕಪ್ಪ. ಹೆಗಲನ್ನು ಬಿದಿರಿನ ಅಡಿಗೆ ಕೊಟ್ಟ. ಎಡಗೈ ಎತ್ತಿ ಹಿಡಿದ. ಮೊದಲ ತಿರುವಿನಲ್ಲೇ ಹೆಬ್ಬೆರಳು ಕಿರುಬೆರಳುಗಳ ನಡುವಿನಿಂದ ಬಿದಿರು ಜಾರಿತು. ಚಟ್ಟ ಆ ಕಡೆಗೆ ವಾಲಿತು. "ಸಂಭಾಲ್ಕೆ! ಸಂಭಾಲ್ಕೆ!" ಎಂದು ಕೆಳಗಿನಿಂದ ಕೂಗಿದರು.

ಬಾಗಿ ಜನರ ನಡುವೆ ನುಗ್ಗಿ ಇಳಿದಳು.

"ಹೆಂಗಸರು ಬರುವುದು ಬೇಡ ಅಲ್ವಾ..." ಯಾರೋ ಶುರುಮಾಡಿದರು.

"ಕೆಳಗಿನವರೆಗೆ ಮಾತ್ರ. ಈ ಮೆಟ್ಟಿಲು ನಿಮಗಿಂತ ನನಗೆ ಗೊತ್ತು."

ಅಣ್ಣನಿಗಿಂತ ಒಂದು ಮೆಟ್ಟಿಲು ಮೇಲೆ ನಿಂತು, ಅವನ ಕೈಯ ಖಾಲಿ ಜಾಗದಲ್ಲಿ ತನ್ನ ಮೂರು ಬೆರಳುಗಳನ್ನು ಇಳಿಸಿ ಬಿದಿರನ್ನು ಬಿಗಿಯಾಗಿ ಹಿಡಿದಳು. ಚಟ್ಟ ನೆಟ್ಟಗಾಯಿತು.

"ಹ್ಞಾ, ಈಗ ನಡೀರಿ," ಎಂದಳು. "ಮೆಲ್ಲ."