ಬಲಗಡೆ ಕೂತು ಓಡಿಸುವ ಜನೀನ್

ನಮ್ಮ ಕಣಿವೆಯಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಎಲ್ಲರ ಎಡಗೈಯೂ ಬಲಗೈಗಿಂತ ಕಪ್ಪಾಗಿರುತ್ತದೆ. ಗಾಡಿಯ ಕಿಟಕಿ ಇಳಿಸಿ, ಮೊಳಕೈಯನ್ನು ಹೊರಗೆ ಚಾಚಿ, ಮರಗಳ ನೆರಳನ್ನೂ ಬಿಸಿಲನ್ನೂ ಒಂದರ ಮೇಲೊಂದರಂತೆ ತೋಳಿನ ಮೇಲೆ ಹಾಯಿಸಿಕೊಳ್ಳುತ್ತ ಓಡಿಸುವವರ ನಾಡು ಇದು. ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಓಡಿಸುವವರ ಜಾಗ ಎಡಗಡೆ, ಹಾಗಾಗಿ ಬಿಸಿಲೂ ಎಡಗೈಯ ಪಾಲಿಗೆ. ಜನೀನ್ ಗೊಡ್ರೋ ಒಬ್ಬಳದು ಮಾತ್ರ ಬಲಗೈ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಪ್ರಸಾದಕ್ಕೆಂದು ಕೈಯೊಡ್ಡಿ ಸಾಲಾಗಿ ನಿಂತಾಗ ಆಕೆಯ ಕೈಗಳು ಬೇರೆ ಯಾವುದೋ ದೇಶದಿಂದ ಬಂದವುಗಳ ಹಾಗೆ ಕಾಣುತ್ತಿದ್ದವು.

ಅಮೆರಿಕದ ವರ್ಮಾಂಟಿನ ಉತ್ತರದ ತುದಿಯಲ್ಲಿ, ಕೆನಡಾದ ಗಡಿಗೆ ಕೂಗಳತೆಯಲ್ಲಿರುವ ನಮ್ಮ ಹಳ್ಳಿಗಳಿಗೆ ಆಕೆ ಅಂಚೆ ಹಂಚುತ್ತಿದ್ದಳು. ಅಂಚೆ ಡಬ್ಬಿಗಳೆಲ್ಲ ರಸ್ತೆಯ ಬಲ ಅಂಚಿನಲ್ಲಿ ಕಂಬದ ಮೇಲೆ ನಿಂತಿರುತ್ತವೆ, ಸ್ಟೀರಿಂಗ್ ಎಡಗಡೆ. ಇದಕ್ಕೆ ಹಿಂದಿನಿಂದ ಬಂದ ಉಪಾಯವೆಂದರೆ ಪಕ್ಕದ ಆಸನದಲ್ಲಿ ಕೂತು, ಎಡಗಾಲನ್ನು ಅತ್ತ ಚಾಚಿ ಬ್ರೇಕು ತುಳಿಯುತ್ತ, ಎಡಗೈಯ ನಾಲ್ಕು ಬೆರಳಿನಲ್ಲಿ ಸ್ಟೀರಿಂಗ್ ಹಿಡಿದು, ಬಲಗೈಯಿಂದ ಕಾಗದ ತುರುಕುವುದು. ಮದುವೆಯಾದ ಹೊಸತರಿಂದ ಕೂದಲು ನರೆಯುವ ತನಕ ಜನೀನ್ ಹೀಗೆ ಅಡ್ಡಾದಿಡ್ಡಿ ಕೂತೇ ಬೆಟ್ಟ ಹತ್ತಿಳಿದಳು. ಅದರಿಂದಾಗಿ ಆಕೆಯ ಸೊಂಟ ತಿರುಚಿಕೊಂಡಿತು. ನಡೆದರೆ ಎಡಗಾಲು ಯಾವುದೋ ಕಾಣದ ಪೆಡಲನ್ನು ಹುಡುಕುತ್ತ ಸ್ವಲ್ಪ ಹೊರಕ್ಕೆ ಹೋಗಿ ಮತ್ತೆ ಒಳಕ್ಕೆ ಬರುತ್ತಿತ್ತು. ನೀಲಿ ಕೋಟಿನ ಬಲದೋಳು ಡಬ್ಬಿಗಳ ಬಾಯಿಗೆ ಉಜ್ಜಿ ಉಜ್ಜಿ ಮಣಿಕಟ್ಟಿನಲ್ಲಿ ಜೂಲಾಗಿತ್ತು, ಆಕೆ ಅದನ್ನು ಹೊಲಿಯಲೂ ಇಲ್ಲ, ಎಸೆಯಲೂ ಇಲ್ಲ. ಮಾತು ಕಡಿಮೆ. ಹಿಮ ಬೀಳಲಿ, ಸೇತುವೆ ಕೊಚ್ಚಿಹೋಗಲಿ, ಯಾರಾದರೂ ಮದುವೆಗೆ ಕರೆಯಲಿ, ಆಕೆಯ ಉತ್ತರ ಒಂದೇ: "ನೋಡೋಣ ಬಿಡು."

ಗಂಡ ಆರ್ಮಾಂಡ್ ಇದಕ್ಕೆ ತದ್ವಿರುದ್ಧ. ಹಟ್ಟಿಯಿಂದ ಹಟ್ಟಿಗೆ ಹೋಗಿ ಹಾಲು ತುಂಬಿಸಿಕೊಳ್ಳುವ ದೊಡ್ಡ ಟ್ಯಾಂಕರ್ ಓಡಿಸುತ್ತಿದ್ದ ಆಳು. ದನಿಯೂ ಅದರ ಹಾರನ್ನಿನಷ್ಟೇ ದೊಡ್ಡದು. ಬೆಟ್ಟದ ನೆತ್ತಿಯಿಂದ ತುಂಬಿದ ಟ್ಯಾಂಕರನ್ನು ಹಿಮದ ಮೇಲೆ ಇಳಿಸುವಾಗ ಹಾಡು ಹೇಳುತ್ತಿದ್ದನಂತೆ. ಊರಿನಲ್ಲಿ ಬೇರೆ ಯಾರಿಗಾದರೂ ಓಡಿಸಲು ಬರುತ್ತದೆ ಎಂದು ಆತ ಒಪ್ಪಿದ್ದನ್ನು ಯಾರೂ ಕೇಳಿರಲಿಲ್ಲ. ಪಾದ್ರಿ ಓಡಿಸುವುದು ದನ ಓಡಿಸಿದ ಹಾಗೆ, ತಮ್ಮ ಓಡಿಸುವುದು ಕುಡಿದವನ ಹಾಗೆ, ಹೆಂಡತಿ ಓಡಿಸುವುದು "ಅದನ್ನೇನು ಓಡಿಸೋದು ಅಂತಾರೇನ್ರೀ, ಗಾಡೀಲಿ ಪಕ್ಕದಲ್ಲಿ ಕೂತ್ಕೊಂಡು ಬರ್ತಾಳೆ ಅಷ್ಟೇ!"

ಅಂಥವನಿಗೆ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗಲೇ ಮೂರ್ಛೆ ಬಂತು. ಎರಡನೆಯ ಸಲವೂ ಬಂದ ಮೇಲೆ ವೈದ್ಯರು ಲೈಸೆನ್ಸ್ ವಾಪಸು ಮಾಡಿಸಿದರು. ಆರ್ಮಾಂಡ್ ಜಗಳವಾಡಲಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟ. ಆ ಕಿಟಕಿಯಿಂದ ರಸ್ತೆ ಕಾಣುತ್ತದೆ. ರಸ್ತೆಯಲ್ಲಿ ಬೇರೆ ಯಾರೋ ಓಡಿಸುವ ಹಾಲಿನ ಟ್ಯಾಂಕರ್ ಕಾಣುತ್ತದೆ. ಜನೀನ್ ಹೊರಗೆ ಕರೆದರೆ, "ನನ್ನನ್ನ ಮೂಟೆ ಥರ ಪಕ್ಕದಲ್ಲಿ ಹಾಕ್ಕೊಂಡು ಊರೆಲ್ಲ ತೋರಿಸ್ಬೇಡ" ಎಂದ. ಮೊಮ್ಮಗಳು ಬಿಳಿಯ ಉಡುಪು ತೊಟ್ಟು ಚರ್ಚಿನಲ್ಲಿ ಮೊದಲ ಪ್ರಸಾದ ತೆಗೆದುಕೊಂಡ ದಿನವೂ ಬರಲಿಲ್ಲ. ಎರಡು ಚಳಿಗಾಲ ಹೀಗೇ ಹೋದವು. ದೊಡ್ಡ ದನಿ ಸಣ್ಣದಾಗುತ್ತ ಬಂತು, ಆಮೇಲೆ ಅದೂ ಅಪರೂಪವಾಯಿತು. ಗಂಡ ಆ ಕುರ್ಚಿಯಲ್ಲೇ ಮುಗಿದುಹೋಗುತ್ತಾನೆಂಬುದು ಜನೀನಳಿಗೆ ಖಚಿತವಾಗಿತ್ತು. ಆಕೆಗೆ ಬೇಕಾಗಿದ್ದದ್ದು ಒಂದೇ: ಆತ ಬಾಗಿಲು ದಾಟಬೇಕು.

ಆ ಶರತ್ಕಾಲದಲ್ಲಿ ಆಕೆ ನಿವೃತ್ತಳಾದಳು, ಹಳೆಯ ಗಾಡಿಯೂ ಆಕೆಯ ಜೊತೆಗೇ ಸೋತುಹೋಯಿತು. ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ತಿಂದು ತಿಂದು ಅದರ ನೆಲ ಹಪ್ಪಳವಾಗಿತ್ತು. ಹೊಸ ಗಾಡಿ ಆರಿಸಬೇಕು. ಇಡೀ ಕಣಿವೆಗೆ ಇದರ ಬಗ್ಗೆ ಅಭಿಪ್ರಾಯವಿತ್ತು, ಎಲ್ಲರಿಗಿಂತ ಜಾಸ್ತಿ ಆಕೆಯ ತಂಗಿ ಪಾಲೀನಳಿಗೆ. ಜನೀನ್ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹರಿಯುವ ವ್ಯಾಗನ್ ಕಾರು ಬೇಕು ಅಂದಾಗ ಯಾರೂ ಹುಬ್ಬೇರಿಸಲಿಲ್ಲ. ನಮ್ಮ ಬೆಟ್ಟದ ಮಣ್ಣುರಸ್ತೆಗಳಿಗೆ, ಹಿಂದೆ ನಾಯಿ, ಮೊಮ್ಮಕ್ಕಳು, ಮೇಪಲ್ ಮರದ ರಸದ ಬಕೀಟು ಎಲ್ಲ ತುಂಬುವ ಸಂಸಾರಕ್ಕೆ, ಅದಕ್ಕಿಂತ ಹೊಂದುವ ಗಾಡಿ ಇಲ್ಲ. ಆದರೆ ಆಕೆ ಕೇಳಿದ್ದು ಬಲಗಡೆ ಸ್ಟೀರಿಂಗ್ ಇರುವ ವ್ಯಾಗನ್. ಅಂಚೆಯವರಿಗೆಂದೇ ಅಂಥವನ್ನು ಹಿಂದೊಮ್ಮೆ ಮಾಡಿ ಮಾರಿದ್ದರು; ಎಲ್ಲೋ ಅಲ್ಲೊಂದು ಇಲ್ಲೊಂದು ಉಳಿದಿತ್ತು.

"ನಿನಗೇನು ತಲೆ ಕೆಟ್ಟಿದೆಯೇನೇ?" ಎಂದಳು ಪಾಲೀನ್. "ಕೆಲಸ ಇದ್ದಾಗ ಎಡಗಡೆ ಗಾಡೀಲಿ ಬಲಗಡೆ ಕೂತು ಸೊಂಟ ಮುರ್ಕೊಂಡೆ. ಈಗ ಕೆಲಸ ಬಿಟ್ಟು ಬಲಗಡೆ ಗಾಡಿ ಹುಡುಕ್ತೀಯಾ? ಯಾರ ಮನೆಗೆ ಕಾಗದ ಕೊಡೋಕೆ ಹೊರಟಿದೀಯಾ ಮಾರಾಯ್ತಿ?"

"ನೋಡೋಣ ಬಿಡು," ಎಂದಳು ಜನೀನ್.

ಗಾಡಿ ಮಾರುವ ಮೆರಿಲ್ ಇವತ್ತಿಗೂ ಆ ದಿನದ ಕಥೆಯನ್ನು ಕಾಫಿ ಅಂಗಡಿಯಲ್ಲಿ ಹೇಳುತ್ತಾನೆ. ಮೊದಲು ಪಿಕಪ್ ತೋರಿಸಿದನಂತೆ. ಆಕೆ ಮೆಟ್ಟಿಲಿನ ಎತ್ತರ ನೋಡಿ, "ಇದಕ್ಕೆ ಹತ್ತಬೇಕು" ಎಂದು ಮುಂದೆ ನಡೆದಳು. ಬಾಗಿಲು ಪಕ್ಕಕ್ಕೆ ಜಾರುವ ವ್ಯಾನ್ ತೋರಿಸಿದರೆ, "ಆಸ್ಪತ್ರೆ ಗಾಡಿ ಥರ ಇದೆ" ಎಂದಳು. ಕೊನೆಗೆ ಹಿತ್ತಲಲ್ಲಿ ಹುಲ್ಲಿನ ನಡುವೆ ನಿಂತಿದ್ದ, ಹಸಿರು ಬಣ್ಣದ, ಬಲಗಡೆ ಸ್ಟೀರಿಂಗಿನ ಹಳೆಯ ವ್ಯಾಗನ್ ತೋರಿಸಿದ. ಜನ ಗಾಡಿ ಪರೀಕ್ಷಿಸುವುದು ಓಡಿಸಿ ತಾನೇ? ಜನೀನ್ ಕೀಲಿಕೈಯನ್ನು ಮೆರಿಲ್‌ನ ಕೈಗೇ ವಾಪಸು ಕೊಟ್ಟು, ತಾನು ಹೋಗಿ ಎಡಗಡೆ ಕೂತಳು. ಕೂತಳು, ಎದ್ದಳು, ಮತ್ತೆ ಕೂತಳು. ಹತ್ತುವುದೂ ಬೇಡ, ತಗ್ಗುವುದೂ ಬೇಡ, ಊಟದ ಮೇಜಿನ ಕುರ್ಚಿಯಷ್ಟೇ ಎತ್ತರ. ಆಮೇಲೆ ಕಣ್ಣು ಮುಚ್ಚಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, "ಓಡ್ಸು" ಎಂದಳಂತೆ.

ಬೆಟ್ಟ ಸುತ್ತಿ ಬರುವ ತನಕ ಆಕೆ ಕಣ್ಣು ತೆರೆಯಲಿಲ್ಲ. ಮೆರಿಲ್ ಪ್ರಾಮಾಣಿಕ ಮನುಷ್ಯ, ಗಾಡಿಯ ಐಬನ್ನೂ ಹೇಳಿದ. "ನೋಡಿ ಜನೀನ್, ಮುಂದಿನ ಗಾಡಿ ದಾಟೋದು ಇದರಲ್ಲಿ ಕಷ್ಟ. ಬಲಗಡೆ ಕೂತೋರಿಗೆ ಎದುರಿಂದ ಬರೋದು ಕಾಣಲ್ಲ. ಎಡಗಡೆ ಯಾರಾದ್ರೂ ಕೂತು ಹೇಳ್ಬೇಕು."

"ಎಡಗಡೆ ಜನ ಇರ್ತಾರೆ," ಎಂದಳು ಆಕೆ, ಮತ್ತು ಚೌಕಾಸಿಯಿಲ್ಲದೆ ಕೊಂಡಳು.

ಗಾಡಿಯನ್ನು ತಂದು ಅಡುಗೆಮನೆಯ ಮೆಟ್ಟಿಲಿಗೆ ಎಡಬಾಗಿಲು ತಾಗುವಷ್ಟು ಹತ್ತಿರ ನಿಲ್ಲಿಸಿದಳು. ಒಂದು ಮಾತೂ ಕರೆಯಲಿಲ್ಲ. ಬಾನೆಟ್ ಎತ್ತಿ ಸುಮ್ಮನೆ ಒಳಗೆ ಇಣುಕುತ್ತ ನಿಂತಳು. ಎಂಜಿನ್ ಕಂಡರೆ ಸುಮ್ಮನಿರುವ ಜಾತಿಯಲ್ಲ ಆರ್ಮಾಂಡ್. ಮನೆಯೊಳಗಿನ ಚಪ್ಪಲಿಯಲ್ಲೇ ಹೊರಗೆ ಬಂದ, ಎಣ್ಣೆ ನೋಡಿದ, ನಾಲ್ಕೂ ಟಯರಿಗೆ ಒದ್ದ, ಎಲ್ಲವೂ ಒಂದೇ ಸಮ ಸವೆದಿವೆಯೇ ಎಂದು ಬಗ್ಗಿ ಪರೀಕ್ಷಿಸಿದ. ಇಂಥ ಗಾಡಿಗೆ ಒಂದು ಟಯರು ಹೊಸತು, ಮೂರು ಹಳತು ಆಗುವುದಿಲ್ಲ. ಆಮೇಲೆ ಜೀವಮಾನದ ಅಭ್ಯಾಸದಂತೆ ಎಡಬಾಗಿಲು ತೆರೆದು ಒಳಗೆ ಕೂತ. ಕೈಗಳು ಸ್ಟೀರಿಂಗಿಗೆಂದು ಮುಂದೆ ಹೋದವು. ಸ್ಟೀರಿಂಗ್ ಇರಲಿಲ್ಲ. ಜನೀನ್ ಸದ್ದಿಲ್ಲದೆ ಬಲಗಡೆ ಕೂತು ಗಾಡಿ ಹೊರಡಿಸಿದಳು. ಸೇತುವೆಯ ತನಕ ಆತ ರಸ್ತೆಯನ್ನೇ ನೋಡುತ್ತ ಕೂತ. ಸೇತುವೆ ದಾಟಿದ ಮೇಲೆ, "ಇಳಿಜಾರಲ್ಲಿ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಬರ್ತೀಯಲ್ಲೇ, ಚಿಕ್ಕ ಗೇರಿಗೆ ಹಾಕಬಾರ್ದಾ?" ಎಂದು ಗುಡುಗಿದ. "ಆ ಬೈಗುಳ ಕೇಳಿ ನನಗೆಷ್ಟು ಸಂತೋಷವಾಯ್ತು ಅಂತ ಹೇಗೆ ಹೇಳ್ಲಿ" ಎಂದು ಜನೀನ್ ಆಮೇಲೆ ಪಾಲೀನಳ ಹತ್ತಿರ ಹೇಳಿದಳಂತೆ. ಆಕೆ ಅಷ್ಟು ಉದ್ದ ಮಾತಾಡಿದ್ದೇ ದೊಡ್ಡದು.

ಅಲ್ಲಿಂದ ಮುಂದೆ ಆ ಹಸಿರು ವ್ಯಾಗನ್ ನಮ್ಮ ಕಣಿವೆಯ ದಿನಗಳೊಳಗೆ ತೇಲಿಬಂತು. ಬೆಳಗಿನ ಮಂಜು ಹೊಳೆಯ ಮೇಲಿನಿಂದ ಏಳುವಾಗ, ಮೊದಲ ಹಿಮ ಹುಲ್ಲಿನ ತುದಿಗಳನ್ನು ಇನ್ನೂ ಮುಚ್ಚಿರದಾಗ, ಎಲ್ಲ ಸದ್ದನ್ನೂ ಹತ್ತಿಯಲ್ಲಿ ಸುತ್ತಿಟ್ಟಂಥ ಜನವರಿಯ ಮಧ್ಯಾಹ್ನಗಳಲ್ಲಿ, ಅದು ಎಲ್ಲಿಂದಲೋ ನಿಧಾನವಾಗಿ ಮೂಡಿ ನಿಧಾನವಾಗಿ ಕರಗುತ್ತಿತ್ತು. ಬೇರೆ ಗಾಡಿಗಳು ಚಕ್ರ ಸುತ್ತಿಸಿ ಹೂಂಕರಿಸುವ ಏರಿನಲ್ಲಿ ಅದು ನಾಲ್ಕೂ ಕಾಲೂರಿದ ಹಸುವಿನಂತೆ ಅವಸರವಿಲ್ಲದೆ ಏರುತ್ತಿತ್ತು. ಎಡಗಡೆ ಆರ್ಮಾಂಡ್, ಹಾಲಿನ ಕಂಪನಿಯ ಹಳೆಯ ಟೋಪಿ, ನೆಟ್ಟಗಿನ ಬೆನ್ನು. ಗಾಡಿಯಿಂದ ಇಳಿಯದೆಯೇ ಕೆಲಸ ಮುಗಿಸಿಕೊಳ್ಳುವ ಬ್ಯಾಂಕಿನ ಕಿಟಕಿ, ಕಾಫಿಯ ಕಿಟಕಿ, ಎಲ್ಲವೂ ಬರುವುದು ಎಡಗಡೆಗೇ. ಹಾಗಾಗಿ ಮಾತಾಡುವವನು ಆತ, ಕಾಫಿ ಇಸಿದುಕೊಳ್ಳುವವನು ಆತ, ಅಲ್ಲಿನ ಹುಡುಗಿಯರನ್ನು ಗೋಳುಹೊಯ್ದುಕೊಳ್ಳುವವನೂ ಆತನೇ. ಮುಂದೆ ಟ್ರ್ಯಾಕ್ಟರ್ ಸಿಕ್ಕರೆ ಕುತ್ತಿಗೆ ಚಾಚಿ ಎದುರಿನ ರಸ್ತೆ ನೋಡಿ, "ಈಗ ಬೇಡ... ಬೇಡ... ಹೂಂ, ಹೊಡಿ!" ಎನ್ನುವವನೂ ಆತ. ಆ ಮಾತಿಲ್ಲದೆ ಜನೀನ್ ಒಂದು ಟ್ರ್ಯಾಕ್ಟರನ್ನೂ ದಾಟಿದ್ದಿಲ್ಲ. ಆ ಗಾಡಿಯನ್ನು ಒಬ್ಬರೇ ಓಡಿಸುವುದು ನಿಜಕ್ಕೂ ಕಷ್ಟವಿತ್ತು.

ಎದುರು ಬಂದ ಗಾಡಿಗೆ ಸ್ಟೀರಿಂಗಿನ ಮೇಲಿಂದ ಎರಡು ಬೆರಳೆತ್ತುವುದು ನಮ್ಮ ಕಡೆಯ ನಮಸ್ಕಾರ. ಅದು ಓಡಿಸುವವರಿಗೆ, ಪಕ್ಕದವರಿಗಲ್ಲ. ಯಾರು ಮೊದಲು ಶುರುಮಾಡಿದರೋ ಗೊತ್ತಿಲ್ಲ, ಯಾರೂ ಯಾರ ಹತ್ತಿರವೂ ಚರ್ಚಿಸಲಿಲ್ಲ, ಆದರೆ ಇಡೀ ಕಣಿವೆ ಎಡಗಡೆ ಕೂತ ಆರ್ಮಾಂಡ್‌ಗೆ ಬೆರಳೆತ್ತಿತು. ನಾನೂ ಎತ್ತಿದೆ. ಆತ ಡ್ಯಾಶ್‌ಬೋರ್ಡಿನ ಮೇಲಿಟ್ಟ ಕೈಯಿಂದ ಗಂಭೀರವಾಗಿ ಎರಡು ಬೆರಳೆತ್ತುತ್ತಿದ್ದ. ಆತನ ಲೈಸೆನ್ಸಿನ ಸಂಗತಿಯನ್ನು ಆತನೂ ಎತ್ತಲಿಲ್ಲ, ಉಳಿದವರೂ ಎತ್ತಲಿಲ್ಲ. ಹಿಂದೆ ಮೂಟೆಯೆಂದು ತನ್ನನ್ನೇ ಕರೆದುಕೊಂಡ ಮನುಷ್ಯ ಆ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದರೆ ಮತ್ತೆ ಕುರ್ಚಿಗೇ ಹೋಗಿ ಕೂರುತ್ತಾನೆಂಬ ಹೆದರಿಕೆ ಜನೀನಳಿಗೆ ಒಳಗೊಳಗೇ ಇತ್ತು. ಹೊಸಬರು ಯಾರಾದರೂ ಗಾಡಿಯ ಹತ್ತಿರ ಬಂದರೆ ಆಕೆಯೇ ಮುಂದಾಗಿ ಮಾತು ತೆಗೆದು ಬೇರೆ ದಾರಿಗೆ ತಿರುಗಿಸುತ್ತಿದ್ದಳು.

ಆ ಹೆದರಿಕೆ ನಿಜವಾಗುವ ಗಳಿಗೆ ಬಂದದ್ದು ಏಪ್ರಿಲ್‌ನಲ್ಲಿ. ಹಿಮ ಕರಗಿ ರಸ್ತೆಗಳೆಲ್ಲ ಪಾಯಸವಾಗಿ, ಕಾಡಿನ ನಡುವಿನ ಗುಡಿಸಲುಗಳಿಂದ ಮೇಪಲ್ ರಸ ಕುದಿಯುವ ಆವಿ ಸಿಹಿಯಾಗಿ ಮೇಲೇಳುವ ಕಾಲ ಅದು. ನನ್ನ ಗಾಡಿ ಕೆಸರಿನಲ್ಲಿ ಹೂತಿತ್ತು. ಗೊಡ್ರೋ ದಂಪತಿ ದಾರಿಯಲ್ಲಿ ಸಿಕ್ಕರು, ಹಿಂದಿನ ಆಸನದಲ್ಲಿ ನಾಯಿಯ ಪಕ್ಕ ಜಾಗ ಕೊಟ್ಟರು. ಜನೀನ್ ಆಳವಾದ ಗಾಲಿಗುಂಡಿಗಳ ನಡುವಿನ ದಿಣ್ಣೆಯ ಮೇಲೆ ಚಕ್ರವಿಟ್ಟು, ನಿಲ್ಲಿಸದೆ, ಅವಸರಿಸದೆ, ದೋಣಿ ನಡೆಸಿದಂತೆ ನಡೆಸುತ್ತಿದ್ದಳು. ಡಾಂಬರು ರಸ್ತೆ ಮುಟ್ಟಿದ ಕೂಡಲೆ ಹಿಂದೆ ಪೋಲೀಸ್ ಗಾಡಿಯ ನೀಲಿ ದೀಪ ಹೊತ್ತಿತು. ಕೆಸರು ನಮ್ಮ ನಂಬರ್ ಪ್ಲೇಟನ್ನು ಪೂರ್ತಿ ಮುಚ್ಚಿಬಿಟ್ಟಿತ್ತು.

ಪೋಲೀಸಿನವನು ದಕ್ಷಿಣದ ಊರಿನಿಂದ ಹೊಸದಾಗಿ ಬಂದವನು. ನೇರ ಎಡಗಡೆಯ ಕಿಟಕಿಗೆ ಬಂದು ಬಗ್ಗಿ, "ಲೈಸೆನ್ಸ್ ತೋರಿಸಿ ಸರ್" ಎಂದ.

ಆರ್ಮಾಂಡ್‌ನ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ಜನೀನ್ ಆತುರಾತುರವಾಗಿ ಚೀಲಕ್ಕೆ ಕೈಹಾಕಿ, "ಇವತ್ತು ಓಡಿಸೋ ಸರದಿ ನಂದು ಕಣಪ್ಪ, ಅವರದು ಮನೇಲಿ..." ಎಂದು ಆಗಲೇ ಶುರುಮಾಡಿದ್ದಳು. ಆರ್ಮಾಂಡ್ ಕೈಯೆತ್ತಿ ತಡೆದ.

"ನನ್ನ ಹತ್ರ ಇಲ್ಲ ಮಗಾ," ಎಂದ. ಟ್ಯಾಂಕರ್ ಕಾಲದ ದನಿ. "ಮೂರ್ಛೆ ಬರುತ್ತೆ ಅಂತ ವಾಪಸ್ ತಗೊಂಡ್ರು. ಈಗ ನಾನು ಓಡಿಸಲ್ಲ. ಇವಳೇ ಓಡಿಸೋದು." ಆಮೇಲೆ ಬಲಗಡೆಗೆ ತಿರುಗದೆ, ಕಿಟಕಿಯಾಚೆಯ ಆ ಹುಡುಗನಿಗೇ ಹೇಳಿದ: "ಚೆನ್ನಾಗಿ ಓಡಿಸ್ತಾಳೆ. ಈ ಕೆಸರಲ್ಲಿ ನನ್ನ ಕೈಲೂ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ."

ಪೋಲೀಸಿನವನು ಆಗ ಸ್ಟೀರಿಂಗ್ ಎಲ್ಲಿದೆಯೆಂದು ನೋಡಿ, ನಾಚಿ, ಸುತ್ತು ಹಾಕಿಕೊಂಡು ಬಲಗಡೆಗೆ ಬಂದ, ಜನೀನಳ ಲೈಸೆನ್ಸ್ ನೋಡಿದ, ತನ್ನ ಕೈಗವಸಿನಿಂದಲೇ ನಂಬರ್ ಪ್ಲೇಟನ್ನು ಒರೆಸಿ ಹೊರಟುಹೋದ.

ಜನೀನ್ ಗಾಡಿ ಹೊರಡಿಸಿದಳು. ಕಣಿವೆಯ ಪ್ರತಿ ಡಬ್ಬಿ, ಪ್ರತಿ ತಿರುವು ಅಂಗೈಗೆರೆಯಷ್ಟು ಪರಿಚಿತವಾಗಿದ್ದ ಆಕೆ, ತನ್ನ ಮನೆಯ ತಿರುವು ಬಂದಾಗ ತಿರುಗಲಿಲ್ಲ. ನೇರ ಮುಂದೆ ಹೋದಳು. ನಾಯಿ ಎದ್ದು ನಿಂತು ಹಿಂದಕ್ಕೆ ನೋಡಿತು. ನಾನು ನೋಡಿದೆ. ಆರ್ಮಾಂಡ್ ಕೂಡ ನೋಡಿದ. ಸಂಜೆಯ ಬೆಳಕು ಕರಗುತ್ತಿರುವ ಹಿಮದ ಮೇಲೆ ಹಳದಿಯಾಗಿ ಹರಡಿತ್ತು. ಆ ಬೆಳಕಿನೊಳಗೆ ಮೂರು ಜನ, ಒಂದು ನಾಯಿ, ಹೋಗಬೇಕಾದ ಜಾಗವಿಲ್ಲದೆ ಬಹಳ ದೂರ ಹೋದೆವು. ಆಕೆ ಅಳುತ್ತಿದ್ದಳು, ಮತ್ತು ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

ಜನೀನಳಂಥವರು ಎಲ್ಲ ಊರಿನಲ್ಲೂ ಇರುತ್ತಾರೆ, ಆದರೆ ಗುರುತು ಸಿಗುವುದು ಕಷ್ಟ, ಏಕೆಂದರೆ ಅವರ ಅಕ್ಕರೆ ಹೊರಗಿನವರ ಕಣ್ಣಿಗೆ ಹಟವೆಂದೋ ತಿಕ್ಕಲೆಂದೋ ಕಾಣುತ್ತದೆ. ಧೈರ್ಯ ಹೇಳಲು ಅವರಿಗೆ ಬರುವುದಿಲ್ಲ, ಕೈಹಿಡಿದು ಎಬ್ಬಿಸಲೂ ಬರುವುದಿಲ್ಲ. ಸೋತವರು ತಮ್ಮ ಸೋಲನ್ನು ತಾವೇ ಬಾಯಿಬಿಟ್ಟು ಹೇಳುವಷ್ಟು ಗಟ್ಟಿಯಾಗುವ ತನಕ ಅವರ ಜಾಗವನ್ನು ಖಾಲಿಯಾಗಲು ಬಿಡದೆ ಕಾಯುವುದಷ್ಟೇ ಅವರಿಗೆ ಗೊತ್ತು. ಹಿಮಕ್ಕೂ ಕೆಸರಿಗೂ ಮುಂಚೆಯೇ ಎಲ್ಲ ಏರ್ಪಾಡು ಮಾಡಿಕೊಂಡಿರುವ ಈ ಜನ, ತಮ್ಮ ಪಾಲಿಗೂ ಒಂದು ಒಳ್ಳೆಯ ಮಾತು ಬರಬಹುದೆಂಬುದಕ್ಕೆ ಮಾತ್ರ ಯಾವತ್ತೂ ತಯಾರಾಗಿರುವುದಿಲ್ಲ.