ಎಂಟು ಟನ್ನಿನ ಕಲ್ಲು

ಕಲ್ಲಿಗೆ ತೂಕ ಬರೆಯುವುದು ಅವಳ ಕೆಲಸ. ಕ್ರೇನು ಬಂಡೆಯನ್ನೆತ್ತಿದಾಗ ಚಾಲಕ ಮೀಟರು ನೋಡಿ ತೂಕ ಕೂಗುತ್ತಾನೆ, ಕೆಳಗಿಳಿಸಿದ ಮೇಲೆ ಅವಳು ಕೆಂಪು ಬಣ್ಣದಲ್ಲಿ ಬರೆಯುತ್ತಾಳೆ. ಅಲೆತಡೆ ಗೋಡೆಯ ಹೊರಮೈಗೆ ಎಂಟು ಟನ್ನಿಗೆ ಕಡಿಮೆ ತೂಕದ ಕಲ್ಲು ಹಾಕುವಂತಿಲ್ಲ. ಅಲೆ ಬಂದು ಬಡಿಯುವುದು ಅಲ್ಲಿಗೇ. ಅಲ್ಲಿ ಅದರ ಸೊಕ್ಕು ಮುರಿದರೆ ಮಾತ್ರ ಹಿಂದಿರುವ ಓಣಿ ಉಳಿಯುತ್ತದೆ. ಆ ಓಣಿಯ ಮೂರನೇ ಮನೆ ಅವಳದು.

ಎರಡು ತಿಂಗಳಿಂದ ಚಾಲಕ "ಮೂರು" ಎಂದು ಕೂಗಿದರೆ ಮೇಸ್ತ್ರಿ "ಎಂಟು ಬರಿ" ಎನ್ನುತ್ತಿದ್ದ. ಮೊದಲ ದಿನ ಅವಳ ಕೈ ತಡೆದಿತ್ತು.

"ಕೈ ನೋಯ್ತಿದ್ಯಾ? ನಾಳೆಯಿಂದ ಮನೇಲೇ ಇರು. ಬರೆಯೋಕೆ ಬೇರೆಯವರು ಸಿಕ್ತಾರೆ."

ಅವಳು ಬರೆದಳು. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ?

ಇವತ್ತು ಬೆಳಿಗ್ಗೆಯಿಂದ ಹುಚ್ಚು ಗಾಳಿ. ಹನ್ನೊಂದರ ಹೊತ್ತಿಗೆ ಅವಳ ಕಣ್ಣೆದುರೇ ಹೊರಮೈಯ ಕಲ್ಲೊಂದು ಎರಡು ಸುತ್ತು ಉರುಳಿ ನೀರಿಗೆ ಬಿತ್ತು. ಅದರ ಮೇಲೆ ಎಂಟು ಎಂದು ಅವಳೇ ಬರೆದಿದ್ದಳು. ಬಣ್ಣದ ಡಬ್ಬಿ ಬಿಟ್ಟು ಓಣಿಗೆ ಓಡಿದಳು.

ಅತ್ತೆ ಬಾಗಿಲಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು.

"ಅತ್ತೆ, ಏಳಿ! ಮಗೂನ ಎತ್ಕೊಳ್ಳಿ. ದಿಬ್ಬದ ಶಾಲೆಗೆ ಹೋಗೋಣ."

"ಯಾಕೇ ಹೀಗೆ ಒದ್ದಾಡ್ತೀಯ? ಎಂಟೆಂಟು ಟನ್ನು ಅಂತ ನೀನೇ ಬರೆದಿದೀಯಲ್ಲ. ನಮ್ಮ ಸೊಸೆ ಬರೆದ ಕಲ್ಲು, ಜಗ್ಗಲ್ಲ ಅಂತ ಓಣಿಗೆಲ್ಲ ಹೇಳಿದೀನಿ."

"ಅದನ್ನ ನಂಬ್ಕೊಂಡೇ ನಾವೂ ಕೂತಿರೋದು," ಎಂದಳು ಪಕ್ಕದ ಮನೆಯ ಬಲೆ ಹೆಣೆಯುವವಳು.

ನಲವತ್ತು ಮನೆ ಅವಳ ಸುಳ್ಳನ್ನು ನಂಬಿ ಕೂತಿದ್ದವು. "ಅಕ್ಷರ ನಿಂದು. ಬಾಯಿಬಿಟ್ರೆ ಜೈಲಿಗೆ ಹೋಗೋಳೂ ನೀನೇ," ಎಂದು ಮೇಸ್ತ್ರಿ ಹೋದ ವಾರವಷ್ಟೇ ಹೆದರಿಸಿದ್ದ. ಗೋಡೆಯ ಕಡೆಯಿಂದ ಇನ್ನೊಂದು ಕಲ್ಲು ಉರುಳಿದ ಸದ್ದು ಬಂತು.

"ಅದು ಎಂಟಲ್ಲ ಅತ್ತೆ. ಮೂರು. ಸುಳ್ಳು ಬರೆದೆ."

ಅತ್ತೆ ಮೊರ ಕೆಳಗಿಟ್ಟು ಅವಳನ್ನೇ ನೋಡಿದಳು. "ನಿನ್ನ ಮಗಳೂ ಇಲ್ಲೇ ಮಲಗ್ತಾಳಲ್ಲೇ..."

ಅದರ ಬದಲು ಎರಡೇಟು ಹೊಡೆದಿದ್ದರೂ ವಾಸಿಯಿತ್ತು. ಅತ್ತೆ ಎದ್ದು ಓಣಿಗೆಲ್ಲ ಕೇಳುವಂತೆ ಕೂಗಿಕೊಂಡಳು. ಮಕ್ಕಳನ್ನೂ ಮುದುಕರನ್ನೂ ದಿಬ್ಬದ ಶಾಲೆಗೆ ತಲುಪಿಸಿ, ಹೆಂಗಸರೆಲ್ಲ ಗೋಡೆಯ ಬಳಿ ಬಂದರು.

ಅಲ್ಲಿ ಸರ್ಕಾರಿ ಎಂಜಿನಿಯರ್ ಜೀಪಿನಿಂದ ಇಳಿದು ನಿಂತಿದ್ದ. "ಎಲ್ಲಾ ಎಂಟು ಸಾರ್, ಬರೆದಿದೆ ನೋಡಿ," ಎನ್ನುತ್ತಿದ್ದ ಮೇಸ್ತ್ರಿ.

"ಒಂದು ಕಲ್ಲು ತೂಗ್ಸಿ ಸಾರ್," ಎಂದಳು ಅವಳು.

"ಕ್ರೇನು ಕೆಟ್ಟಿದೆ," ಎಂದ ಮೇಸ್ತ್ರಿ.

"ಕೆಟ್ಟಿಲ್ಲ," ಎಂದ ಚಾಲಕ ಮೇಲಿನಿಂದ. ಅವನಿಗೂ ಭಯವೇ. ಯಾರ ಮುಖವನ್ನೂ ನೋಡದೆ, ದಂಡೆಯಲ್ಲಿದ್ದ, ಎಂಟು ಎಂದು ಬರೆದ ಕಲ್ಲನ್ನೆತ್ತಿದ. "ಮೂರು!"

ಎಂಜಿನಿಯರ್ ಪೆನ್ನು ತೆಗೆದ. "ಎಂಟು ಅಂತ ಬರೆದೋರು ಯಾರು?"

"ನಾನು. ಬರೆಸಿದೋರು ಇವರು. ಪ್ರತಿ ತಿಂಗಳು ನೋಡಿ ಸಹಿ ಹಾಕಿದೋರು ನೀವು."

ಅವನು ಅವಳ ಹೆಸರೊಂದನ್ನೇ ಬರೆದುಕೊಂಡು ಫೈಲು ಮುಚ್ಚಿದ. ತಿರುಗಿದರೆ ಜೀಪಿನ ಮುಂದೆ ಅತ್ತೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಪಕ್ಕದಲ್ಲಿ ಬಲೆ ಹೆಣೆಯುವವಳು. ನೋಡನೋಡುತ್ತ ಹೆಂಗಸರೆಲ್ಲ ಕೂತರು. ಅವಳೂ ಕೂತಳು. ಅಲೆ ಗೋಡೆ ಹಾರಿ ಬಂದು ಎಲ್ಲರ ಬೆನ್ನು ತೋಯಿಸಿತು.

"ಏಳ್ರಮ್ಮ, ನೀರು ಬರ್ತಿದೆ!" ಎಂಜಿನಿಯರನ ದನಿ ನಡುಗಿತು.

"ಬರ್ಲಿ ಸಾಹೇಬ್ರೆ," ಎಂದಳು ಅತ್ತೆ. "ಇನ್ನೆರಡು ಹೆಸರು ಬರ್ಕೊಳ್ಳಿ. ಆಮೇಲೆ ಎಲ್ರೂ ಒಟ್ಟಿಗೇ ಓಡೋಣ."