ತಂಪು ಜಾಗ

ಕೋಲಾರದ ಸುತ್ತಲಿನ ಬಂಡೆಬೆಟ್ಟಗಳು ಹಗಲೆಲ್ಲ ಕಾದು, ಇಳಿಹೊತ್ತಿಗೆ ಆ ಕಾವನ್ನೆಲ್ಲ ಊರಿನ ಮೇಲೆ ಕಾರುತ್ತಿದ್ದವು. ರೇಷ್ಮೆಹುಳುಗಳು ಬೇಯದಿರಲೆಂದು ವೆಂಕಟರತ್ನಮ್ಮ ಹುಳುಮನೆಯ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟಿದ್ದಳು. ಮಾಲೂರಿನಿಂದ ಬಂದಿದ್ದ ತಮ್ಮ ಗೋವಿಂದ ಸೆಕೆ ತಡೆಯಲಾರದೆ ಅಲ್ಲೇ ಚಾಪೆ ಹಾಸಿಕೊಂಡು ಮಲಗಿದ.

ಬೆಳಿಗ್ಗೆ ಅವಳು ಬಾಗಿಲು ತೆಗೆದರೆ, ಹುಳುಗಳೆಲ್ಲ ಹಸಿರು ನೀರು ಕಕ್ಕಿಕೊಂಡು ಸತ್ತಿದ್ದವು. ನಾತ ಅಂಗಳದವರೆಗೂ ಹೊಡೆಯುತ್ತಿತ್ತು.

ಗೋವಿಂದ ಎದ್ದು ಮೂಗು ಮುಚ್ಚಿಕೊಂಡ. "ಥೂ, ಏನ್ ಹಾಳು ಬಿಸ್ಲಕ್ಕ ನಿಮ್ಮೂರ್ದು! ಗೋಣಿ ಕಟ್ಟಿದ್ರೂ ಹುಳ ಉಳೀಲಿಲ್ಲ."

ಸತ್ತ ಹುಳುಗಳಿಗಿಂತ ಅವನೇ ಅವಳಿಗೆ ಹೇಸಿಗೆಯೆನಿಸಿದ. ಅವನ ದಿಂಬಿನ ಪಕ್ಕ ಉರಿದು ಮುಗಿದಿದ್ದ ಸೊಳ್ಳೆಬತ್ತಿಯ ಬೂದಿಯನ್ನು ಬಳಿದು ಅವನ ಅಂಗೈಗೆ ಸುರಿದಳು.

"ಈ ಹೊಗೆ ಹುಳಕ್ಕೆ ವಿಷ ಅಂತ, ಹುಳದ್ ಮನೇಲೇ ಹುಟ್ಟಿದೋನಿಗೆ ಗೊತ್ತಿಲ್ವ? ಇದನ್ನೂ ಬಿಸ್ಲೇ ಹಚ್ತೇನ್ಲಾ?"